ತೋರುಬೆರಳಿನಿಂದ ರಾಷ್ಟ್ರಪತಿ ಭವನದವರೆಗೆ: ಕಮಲಾಪುರ ಕೇಂದ್ರಿತ ಒಂದು ಬಹುಶಿಸ್ತೀಯ ಅನುಸಂಧಾನ

0.1 ಪ್ರಸ್ತಾವನೆಯ ಪ್ರಸ್ತಾವನೆ: ಕಲಬುರಗಿ–ಹುಮನಾಬಾದ್ ರಸ್ತೆಯ ಕಮಲಾಪುರದಲ್ಲಿ ಮತಯಂತ್ರದ ಗುಂಡಿ ಒತ್ತಿದ ಬೆರಳು ರಾಷ್ಟ್ರಪತಿಯನ್ನು ಆರಿಸುವ ಬಗೆಯನ್ನು ಪ್ರಸ್ತುತ ಅಧ್ಯಯನವು ಉತ್ತರ-ಪ್ರಾತಿನಿಧಿಕ ನೆಲೆಯಲ್ಲಿ ಶೋಧಿಸುತ್ತದೆ. (ಸೆಮಿನಾರಿನಲ್ಲಿ ಎಲ್ಲರೂ ತಲೆಯಾಡಿಸಿದ್ದರಿಂದ ‘ಉತ್ತರ-ಪ್ರಾತಿನಿಧಿಕ’ವನ್ನು ವ್ಯಾಖ್ಯಾನಿಸಿಲ್ಲ.)

0.2 ವರ್ಗೀಕರಣ: ಮತಗಳಲ್ಲಿ ನಾಲ್ಕು ವಿಧ. ಅ) ಸಾಕ್ಷಾತ್ ಮತ: ಮತದಾರನದು, ಮೌಲ್ಯ 1. ಆ) ಪರಕಾಯ ಮತ: ಅದೇ ಮತ ಕಲಬುರಗಿ ಗ್ರಾಮೀಣ ಕ್ಷೇತ್ರದ ಶಾಸಕರೊಳಗೆ ಹೊಕ್ಕಾಗ 131, 2022ರ ಲೆಕ್ಕದಂತೆ ಸಂಸದರೊಳಗೆ 700. ಉಳಿದೆರಡು ವಿಧ ಊಟದ ಕೂಪನ್ ಹಂಚುವ ಗದ್ದಲದಲ್ಲಿ ಕಳೆದುಹೋದವು.

ರಾಷ್ಟ್ರಪತಿ ಚುನಾವಣೆಯಲ್ಲಿ ಶಾಸಕರ ಮತಮೌಲ್ಯದ ಸೂತ್ರ ಸಂವಿಧಾನದ 55ನೇ ವಿಧಿಯಲ್ಲಿದೆ. ರಾಜ್ಯದ ಜನಸಂಖ್ಯೆಯನ್ನು 224 ಶಾಸಕರಿಂದ ಭಾಗಿಸಿ, ಬಂದದ್ದನ್ನು ಸಾವಿರದಿಂದ ಭಾಗಿಸಿ. ಯಾವ ಜನಸಂಖ್ಯೆ? 1971ರದು: 2,92,99,014. ಆ ಲೆಕ್ಕದಲ್ಲಿದ್ದವರಲ್ಲಿ ಎಷ್ಟೋ ಮಂದಿ ತೀರಿಕೊಂಡರು. ಇವತ್ತು ತೋಟದಲ್ಲಿ ಗೊನೆ ಇಳಿಸುತ್ತಿರುವ ಹುಡುಗ ಲೆಕ್ಕಕ್ಕೇ ಇಲ್ಲ. 2026ರ ನಂತರದ ಮೊದಲ ಜನಗಣತಿ ಪ್ರಕಟವಾಗುವತನಕ ಅವನು ಹುಟ್ಟಿಲ್ಲವೆಂದೇ ತಿಳಿಯತಕ್ಕದ್ದು.

ಕ್ಷೇತ್ರಕಾರ್ಯ: ಜಿಐ ಟ್ಯಾಗ್ ಪಡೆದ ಕೆಂಪುಬಾಳೆ ಮಾರುತ್ತಿದ್ದವರೊಬ್ಬರನ್ನು ಸಂದರ್ಶಿಸಲಾಯಿತು. “ನಂದು ಒಂದ ಓಟು, ಅವರದು ನೂರಾ ಮೂವತ್ತೊಂದೇನ್ರಿ? ಅವೆಲ್ಲಾ ನಮ್ಮವ ಅಲ್ಲೇನ್ರಿ ಸಾಹೇಬ್ರ?” ಇದಕ್ಕೆ ಸೈದ್ಧಾಂತಿಕ ಉತ್ತರವಿದೆ. ಒಂದು ಡಜನ್ ಹಣ್ಣು ಕಟ್ಟಿಸಿಕೊಂಡು ಮುಂದೆ ನಡೆದೆವು.

ಇನ್ನು ವಿಧಿವಿಧಾನ. 2022ರ ಜುಲೈ 18ರಂದು ವಿಧಾನಸೌಧದಲ್ಲಿ ಶಾಸಕರ ಕೈಗೆ ಗುಲಾಬಿ ಬಣ್ಣದ ಮತಪತ್ರ, ಚುನಾವಣಾ ಆಯೋಗವೇ ಕೊಟ್ಟ ನೇರಳೆ ಶಾಯಿಯ ಪೆನ್ನು. ಸ್ವಂತ ಪೆನ್ನಿನಲ್ಲಿ ಬರೆದರೆ ಮತ ತಿರಸ್ಕೃತ. 21ಕ್ಕೆ ಎಣಿಕೆ, 25ಕ್ಕೆ ದ್ರೌಪದಿ ಮುರ್ಮು ಪ್ರಮಾಣವಚನ. ಇಡೀ ದೇಶಕ್ಕೆ ಒಂದೇ ವಾರ ಸಾಕಾಯಿತು.

ಅದೇ ಜುಲೈಯಲ್ಲಿ ಕಲಬುರಗಿಗೆ ಮೇಯರ್ ಇರಲಿಲ್ಲ. ಪಾಲಿಕೆಯ 55 ವಾರ್ಡುಗಳಿಗೆ ನಾವು ಓಟು ಹಾಕಿದ್ದು 2021ರ ಸೆಪ್ಟೆಂಬರಿನಲ್ಲಿ. ಮೇಯರ್ ಬಂದದ್ದು 2023ರ ಮಾರ್ಚಿನಲ್ಲಿ. ಯಾರಿಗೂ ಸ್ಪಷ್ಟ ಬಹುಮತವಿಲ್ಲ, ಮೀಸಲಾತಿ ತಕರಾರು, ಕೋರ್ಟು. ಇದಕ್ಕೆ ‘ಸಾಂಸ್ಥಿಕ ವಿಳಂಬದ ರಾಚನಿಕ ಆಯಾಮ’ ಎಂದೊಂದು ಅಧ್ಯಾಯ ಯೋಜಿಸಿದ್ದೆ. ಸುಡಲಿ ಆ ಆಯಾಮ. ಮಳೆಗಾಲದಲ್ಲಿ ಚರಂಡಿ ಉಕ್ಕಿ ಹೊಸ್ತಿಲು ದಾಟಿದಾಗ ಯಾರನ್ನು ಕೇಳಬೇಕಿತ್ತು? ಪಾಲಿಕೆಯ ಅಧಿಕಾರಿ ನಾವು ಆರಿಸಿದವರಲ್ಲ. ಆರಿಸಿದವರ ಬಾಗಿಲು ಬಡಿದರೆ ಅವರೇ ನಮಗೆ ಕೈಮುಗಿಯುತ್ತಿದ್ದರು: “ಪ್ರಮಾಣವಚನಾನೇ ಆಗಿಲ್ರಿ ನಂದು, ನಾ ಯಾರಿಗಿ ಹೇಳ್ಲಿ?”