ಸಾಹೇಬರ ಫೋನು ಸ್ಟೋರಿನಲ್ಲಿ

ಆಫೀಸಿನಲ್ಲಿ ಒಂದು ಸ್ಟೇಪ್ಲರ್ ಕಾಣದಿದ್ದರೆ ಮೇಜಿನ ಕೆಳಗೆಲ್ಲ ಬಗ್ಗಿ ಹುಡುಕುತ್ತಾರೆ. ಇಂಟರ್‌ಕಾಮ್ ಪೆಟ್ಟಿಗೆಯ ಪಾಸ್‌ವರ್ಡ್ ಕಳೆದಿದೆಯೆಂದು ಗೊತ್ತಾಗುವುದಕ್ಕೇ ವರ್ಷಗಳು ಬೇಕು ಸ್ವಾಮಿ. ಅಷ್ಟರಲ್ಲಿ ಅದನ್ನು ಹಾಕಿದ ಪುಣ್ಯಾತ್ಮ ಕೆಲಸ ಬಿಟ್ಟು, ಬೇರೆ ಕಂಪನಿ ಸೇರಿ, ಅಲ್ಲೂ ಒಂದು ಪಾಸ್‌ವರ್ಡ್ ಹಾಕಿ ಮರೆತಿರುತ್ತಾನೆ.

ಪೀಣ್ಯದ ಕಡೆಯ ಒಂದು ಕಚೇರಿ ಅನ್ನಿ. ವಾಸ್ತುವಿನವರು ಬಂದು ಹೋದ ಮೇಲೆ ಸಾಹೇಬರು ನೈಋತ್ಯ ಮೂಲೆಗೆ ಹೋದರು, ಅವರ ಹಳೆಯ ಕೋಣೆ ಸ್ಟೋರ್ ಆಯಿತು. ಮೇಜು ಹೋಯಿತು, ಕುರ್ಚಿ ಹೋಯಿತು, ಗಣಪತಿ ಫೋಟೋ ಹೋಯಿತು. 201 ಎಂಬ ನಂಬರು ಮಾತ್ರ ಗೋಡೆಯ ವೈರನ್ನು ಬಿಡಲೊಲ್ಲದೆ ಅಲ್ಲೇ ಕೂತಿತು. ಇಪಿಎಬಿಎಕ್ಸ್ ಎಂಬ ಆ ಇಂಟರ್‌ಕಾಮ್ ಪೆಟ್ಟಿಗೆಗೆ ಸಾಹೇಬರ ಮುಖಪರಿಚಯವಿಲ್ಲ ನೋಡಿ, ಯಾವ ಪೋರ್ಟಿಗೆ ಯಾವ ನಂಬರು ಎಂಬುದಷ್ಟೇ ಅದರ ಲೆಕ್ಕ. ಪಾಸ್‌ವರ್ಡ್ ಇಲ್ಲದೆ ಆ ಲೆಕ್ಕ ತಿದ್ದುವಂತಿಲ್ಲ. ವೈರನ್ನೇ ಅದಲುಬದಲು ಮಾಡಿದರಾಯಿತಲ್ಲ ಅನ್ನುತ್ತೀರಿ. ಮಾಡಬಹುದಿತ್ತು. ಯಾವ ವೈರು ಯಾರದ್ದು ಎಂದು ಬರೆದಿಟ್ಟಿದ್ದ ಚೀಟಿಯೂ ಅದೇ ಪುಣ್ಯಾತ್ಮನ ಜೊತೆ ಹೋಗಿದೆ.

ಈಗ ಸಾಹೇಬರಿಗೆ ಬರುವ ಫೋನೆಲ್ಲ ಸ್ಟೋರ್ ಕೀಪರ್ ಕೈಗೆ. "ಬಿಲ್ ತಾನೆ ಸಾರ್? ಸೋಮವಾರ ಪಾಸ್ ಆಗತ್ತೆ, ನಾನು ಹೇಳ್ತೀನಿ ಬಿಡಿ" ಎಂದು ಆತ ಅಭಯ ಕೊಡುತ್ತಿದ್ದಾನೆ. ದೂರದೂರಿಗೆಲ್ಲ ಮಾತಾಡುವ ಸವಲತ್ತು ಹಳೆಯ ಪೋರ್ಟಿನದ್ದು, ಹಾಗಾಗಿ ಅದೂ ಆತನದ್ದೇ. ಸಾಹೇಬರು ಹೊಸ ಕೋಣೆಯಲ್ಲಿ ಸೊನ್ನೆ ಒತ್ತಿದರೆ ಕುಂಯ್ ಕುಂಯ್ ಎನ್ನುತ್ತದೆ.

ಇದಕ್ಕೆಲ್ಲ ಮೂಲ ಅಮೆರಿಕದ ಕ್ಯಾನ್ಸಸ್ ಸಿಟಿಯಲ್ಲಿ ಹೆಣಸಂಸ್ಕಾರದ ಕಸುಬು ಮಾಡುತ್ತಿದ್ದ ಅಲ್ಮನ್ ಸ್ಟ್ರೋಜರ್. ಊರಿನ ಆಪರೇಟರ್ ತನಗೆ ಬರುವ ಕರೆಗಳನ್ನೆಲ್ಲ ಎದುರಾಳಿಯ ಅಂಗಡಿಗೆ ತಿರುಗಿಸುತ್ತಾಳೆಂಬ ಗುಮಾನಿ ಆತನಿಗಿತ್ತಂತೆ. ಆ ಸಿಟ್ಟಿನಲ್ಲಿ ಮನುಷ್ಯರೇ ಬೇಡವೆಂದು ತಾನೇ ತಾನಾಗಿ ಜೋಡಿಸುವ ಎಕ್ಸ್‌ಚೇಂಜ್ ಕಂಡುಹಿಡಿದು 1891ರಲ್ಲಿ ಪೇಟೆಂಟ್ ಪಡೆದ. ಅಲ್ಲಯ್ಯಾ, ನಮ್ಮ ಆಪರೇಟರ್ ಅಕ್ಕ ಏನು ತಪ್ಪು ಮಾಡಿದ್ದಳು? "ಹಲೋ" ಅಂದರೆ ಸಾಕು, ದನಿಯಲ್ಲೇ ಗುರುತು ಹಿಡಿಯುತ್ತಿದ್ದಳು. ಸಾಹೇಬರು ಕ್ಯಾಂಟೀನಿನಲ್ಲಿ ಕೂತಿದ್ದರೆ ಕೇಳದೆಯೇ ಕ್ಯಾಂಟೀನಿಗೆ ಕೊಡುತ್ತಿದ್ದಳು. ಮನೆಯಿಂದ ಬಂದ ಫೋನಾದರೆ ಮೀಟಿಂಗಿನಲ್ಲಿದ್ದಾರೆ ಎನ್ನುತ್ತಿದ್ದಳು.

ಕೊನೆಗೆ ಸರ್ವೀಸ್ ಹುಡುಗ ಬಂದ. ಮೊದಲು 1234 ಒತ್ತಿದ, ಆಮೇಲೆ ನಾಲ್ಕು ಸೊನ್ನೆ. ಕಂಪನಿಯಿಂದ ಬಂದಾಗಿನ ಇಂಥ ಅಂಕಿಗಳನ್ನು ಎಷ್ಟೋ ಕಡೆ ಬದಲಾಯಿಸುವುದೇ ಇಲ್ಲ. ರಾತ್ರಿ ಯಾರೋ ಹೊರಗಿನಿಂದ ಒಳನುಗ್ಗಿ ಪರದೇಶಗಳಿಗೆ ಫೋನು ತಿರುಗಿಸುತ್ತಾರೆ, ಬೆಳಿಗ್ಗೆ ಬಿಲ್ಲು ಆಫೀಸಿನ ತಲೆಗೆ. ಇಲ್ಲಿ ಮಾತ್ರ ಪುಣ್ಯಾತ್ಮ ಬದಲಾಯಿಸಿದ್ದ. ನಿಷ್ಠೆ ಅಂದರೆ ಅದು!

ಪಾಪ, ಆತನೊಬ್ಬನನ್ನೇ ಬೈದು ಫಲವಿಲ್ಲ. ಅಮೆರಿಕದ ಸರ್ಕಾರಿ ಸಂಸ್ಥೆ ನಿಸ್ಟ್‌ಗಾಗಿ ಬಿಲ್ ಬರ್ ಎಂಬವರು 2003ರಲ್ಲಿ ಪಾಸ್‌ವರ್ಡಿನ ನಿಯಮ ಬರೆದರು. ದೊಡ್ಡಕ್ಷರ ಹಾಕಿ, ಚಿಹ್ನೆ ಹಾಕಿ, ಆಗಾಗ ಬದಲಾಯಿಸಿ ಎಂದು ಲೋಕವೆಲ್ಲ ಅದನ್ನೇ ಪಠಿಸಿತು. 2017ರಲ್ಲಿ ಅದೇ ಬರ್, ಆಗ ಬರೆದದ್ದರಲ್ಲಿ ಬಹಳಷ್ಟಕ್ಕೆ ಈಗ ಪಶ್ಚಾತ್ತಾಪವಾಗುತ್ತಿದೆ ಎಂದರು. ಸುಮ್ಮಸುಮ್ಮನೆ ಬದಲಾಯಿಸಬೇಡಿ ಎಂದು ನಿಸ್ಟ್ ಕೂಡ ಆ ವರ್ಷವೇ ಹೇಳಿತು. ನಮ್ಮ ಐಟಿಯವರ ಸುತ್ತೋಲೆಗೆ ಈ ಸುದ್ದಿ ಇನ್ನೂ ತಲುಪಿದಂತಿಲ್ಲ. ಬಹುಶಃ ಅದೂ ಸ್ಟೋರಿಗೇ ಹೋಗಿರಬೇಕು.

"ರೀಸೆಟ್ ಹೊಡೆದುಬಿಡ್ಲಾ ಸಾರ್?" ಅಂದ ಹುಡುಗ. "ಬ್ಯಾಕಪ್ ಇಲ್ಲ. ಯಾರ ನಂಬರು ಯಾವುದು, ಯಾರಿಗೆ ಎಸ್‌ಟಿಡಿ ಬಂದ್, ಎಲ್ಲಾ ಹೋಗತ್ತೆ. ಮೊದಲಿನಿಂದ ಕೂತು ಬರ್ಕೊಡಬೇಕು."

ಆಫೀಸಿಗೆ ಆಫೀಸೇ ಗಪ್‌ಚಿಪ್. ಯಾರ ಮೇಲೆ ಯಾರು ಎಂಬ ತಾರತಮ್ಯವೆಲ್ಲ ಆ ಪೆಟ್ಟಿಗೆಯೊಳಗಿತ್ತು. ಅಕೌಂಟ್ಸ್‌ನವರಿಗೆ ಹೊರಗಿನ ಲೈನು ಯಾವ ಕಾಲದಲ್ಲಿ ಯಾರು ಕೊಟ್ಟರೋ, ಈಗ ಕೇಳಿದರೆ ಯಾರೂ ಕೊಡರು. ಮಾರ್ಕೆಟಿಂಗ್‌ನವರಿಗೆ 202 ಹೋಗಿ 217 ಬಂದರೆ ಮಾನವೇನು ಉಳಿಯಿತು? "ಆಡಿಟ್ ಮುಗೀಲಿ", "ಆಷಾಢ ಕಳೀಲಿ" ಎಂದು ಒಬ್ಬೊಬ್ಬರೂ ಒಂದೊಂದು ನೆಪ ತೆಗೆದರು. ಹುಡುಗ ಕಾಫಿ ಕುಡಿದು, ವಿಸಿಟಿಂಗ್ ಚಾರ್ಜು ತೆಗೆದುಕೊಂಡು ನಡೆದ.

ಈಗ ದಿನಾ ಸಂಜೆ ಸಾಹೇಬರೇ 201 ಒತ್ತುತ್ತಾರೆ. "ಏನಪ್ಪಾ, ನನಗೆ ಯಾರಾದ್ರೂ ಮಾಡಿದ್ರಾ?"

"ಲೈನಲ್ಲೇ ಇರಿ ಸಾರ್, ಮುಂಬೈ ಪಾರ್ಟಿ ಮೊಬೈಲಲ್ಲಿದಾರೆ. ಅವರದ್ದು ಮುಗಿಸಿಬಿಡ್ತೀನಿ."