ರೈಟರ ಪೀಠಿಕೆ

“ಇವತ್ತು ಆಳು ಎಷ್ಟು ಬಂದಿದಾರೆ ರೈಟ್ರೇ?” ಎಂದು ಸಾಹುಕಾರರು ಕೇಳಿದರೆ ಮೂಡಿಗೆರೆ ಸೀಮೆಯ ಬೇರೆ ತೋಟದ ರೈಟರುಗಳು ಒಂದು ಸಂಖ್ಯೆ ಹೇಳಿ ಸುಮ್ಮನಾಗುತ್ತಾರೆ. ನಮ್ಮ ಪಕ್ಕದ ತೋಟದ ರೈಟರು ಸಂಧಿ ಬಿಡಿಸುತ್ತಾರೆ. “ಊರಿನವರು ನಾಲ್ಕು ಜನ ಲೋಪ ಸಾರ್. ಅವರ ಜಾಗಕ್ಕೆ ಅಸ್ಸಾಮಿನವರು ಆದೇಶ. ರಾತ್ರಿ ಕೆಳಗಿನ ಬ್ಲಾಕಿಗೆ ಆನೆ ಆಗಮ.” ಸಾಹುಕಾರರಿಗೆ ಅರ್ಥವಾಗುವುದು ಕೊನೆಯದು ಮಾತ್ರ. ಜೀಪು ಹತ್ತಿ ಹೊರಡುತ್ತಾರೆ.

ಎಸ್ಸೆಸ್ಸೆಲ್ಸಿ ಪಾಸಾಗಿ ತಲೆ ನರೆತರೂ ಇವರ ಪಾಲಿಗೆ ಕನ್ನಡ ಪರೀಕ್ಷೆ ಇನ್ನೂ ನಡೆಯುತ್ತಲೇ ಇದೆ. ಬೆಳಗಿನ ಹೊತ್ತು ಉಳಿದವರು ದೇವರ ಸ್ತೋತ್ರ ಹೇಳಿಕೊಂಡರೆ ಇವರದು ಯಮಾತಾರಾಜಭಾನಸಲಗಂ. ಕೊಟ್ಟಿಗೆಹಾರದಿಂದ ಕಳಸಕ್ಕೆ ಹೋಗುವ ಬಸ್ಸು ಹತ್ತಿದರಂತೂ ಸಣ್ಣ ತಿರುವಿಗೆ ಲಘು, ದೊಡ್ಡ ತಿರುವಿಗೆ ಗುರು ಹಾಕುತ್ತ ಬೆರಳು ಮಡಿಸುತ್ತಾರೆ. “ಮೂರು, ನಾಲ್ಕು, ಮೂರು, ನಾಲ್ಕು… ಭಾಮಿನಿ ಬಂತು ನೋಡಿ!” ಎನ್ನುವಷ್ಟರಲ್ಲಿ ಪಕ್ಕದವರಿಗೆ ವಾಂತಿ ಬಂದಿರುತ್ತದೆ.

ಹಾಗಂತ ಕಾವ್ಯ ಅರೆದು ಕುಡಿದವರೆಂದು ತಿಳಿಯಬೇಡಿ. ಪಠ್ಯಪುಸ್ತಕದಿಂದಾಚೆ ಒಂದು ಷಟ್ಪದಿಯನ್ನೂ ಅವರು ಮುಟ್ಟಿಲ್ಲ. ತೇಜಸ್ವಿಯವರನ್ನು ಮೂಡಿಗೆರೆ ಪೇಟೆಯಲ್ಲಿ ಎಷ್ಟೋ ಸಲ ಕಂಡು ನಮಸ್ಕಾರ ಹೇಳಿದ್ದುಂಟಂತೆ. 1980ರಲ್ಲಿ ಬಂದ ಅವರ ‘ಕರ್ವಾಲೊ’ ಕಾದಂಬರಿ ಓದಿದ್ದೀರಾ ಎಂದರೆ, “ನಮ್ಮ ಸಿಲಬಸ್ಸಲ್ಲಿ ಇರಲಿಲ್ಲ” ಎನ್ನುತ್ತಾರೆ.

ಮಾರ್ಚ್ ತಿಂಗಳು ಪ್ಲಾಂಟರುಗಳು ಮಳೆಯನ್ನು ಇಂಚು, ಸೆಂಟುಗಳಲ್ಲಿ ಫೋನಿನಲ್ಲಿ ಹಂಚಿಕೊಳ್ಳುವ ಕಾಲ. ಅರ್ಧ ಇಂಚು ಬಿದ್ದದ್ದನ್ನು ಸಾಹುಕಾರರು ಒಂದೂವರೆ ಎಂದರೆ ಹಿಂದಿನಿಂದ “ಅತಿಶಯೋಕ್ತಿ” ಎಂಬ ದನಿ ಕೇಳಿಸುತ್ತದೆ. ಇಂಥವರನ್ನು ಯಾಕೆ ಇಟ್ಟುಕೊಂಡಿದ್ದೀರಿ ಎಂದು ಒಮ್ಮೆ ಸಾಹುಕಾರರನ್ನು ಕೇಳಿದ್ದೆ. “ಬಟವಾಡೆ ಲೆಕ್ಕದಲ್ಲಿ ಒಂದು ಪೈಸೆ ಲೋಪ ಮಾಡಿಲ್ಲ ಮಾರಾಯ್ರೆ” ಎಂದರು. ಕಾಯಿಲೆ ಅಂಟುವಂಥದೇ ಇರಬೇಕು.

ಅವರ ಬರವಣಿಗೆಯದು ಇನ್ನೊಂದು ಕತೆ. ಪ್ರಬಂಧಕ್ಕೆ ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಇರಬೇಕೆಂದು ಶಾಲೆಯಲ್ಲಿ ಹೇಳಿಕೊಟ್ಟದ್ದನ್ನು ಇವರು ಸರ್ಕಾರಿ ಅರ್ಜಿಗೂ ಹಚ್ಚಿದರು. ಆನೆ ತುಳಿದ ಕಾಫಿ ಗಿಡಗಳಿಗೆ ಪರಿಹಾರ ಕೇಳಿ ಬರೆದ ಅರ್ಜಿ ಶುರುವಾದದ್ದು ಗಜೇಂದ್ರಮೋಕ್ಷದಿಂದ. ಎಷ್ಟು ಗಿಡ ಹೋಯಿತೆಂಬುದು ಮೂರನೇ ಪುಟದ ಉಪಸಂಹಾರದಲ್ಲಿತ್ತು. ಅರ್ಜಿ ತೆಗೆದುಕೊಂಡ ಗುಮಾಸ್ತರು ಮೊದಲ ಪುಟ ಓದಿ, ಇದು ಭಕ್ತಿಗೀತೆ ಇರಬೇಕೆಂದು ಬದಿಗಿಟ್ಟಿದ್ದರಂತೆ. ಆಳುಗಳ ಲೈನ್ ಮನೆಯಲ್ಲಿ ನೀರಿನ ನಲ್ಲಿಗೆ ಜಗಳವಾದರೆ ಇವರ ಪಂಚಾಯ್ತಿ “ಗಾದೆಗಳು ವೇದಕ್ಕೆ ಸಮಾನ” ಎಂದೇ ಆರಂಭ. ವಿಸ್ತರಣೆ ಮುಗಿಯುವುದರೊಳಗೆ ಎರಡೂ ಕಡೆಯವರು ರಾಜಿಯಾಗಿ ನೀರು ಹಿಡಿದುಕೊಂಡು ಹೋಗಿರುತ್ತಾರೆ.

ಲೈನ್ ಮಕ್ಕಳಿಗೆ ಸಂಜೆ ಅವರ ಜಗುಲಿಯಲ್ಲೇ ಪಾಠ. ದುಡ್ಡಿಲ್ಲ. ಒಂದು ಸಂಜೆ ಉಪಮಾಲಂಕಾರ ನಡೆಯುತ್ತಿತ್ತು. ಸೀತೆಯ ಮುಖ ಕಮಲದಂತೆ ಅರಳಿತು: ಕನ್ನಡ ಕಲಿತವರೆಲ್ಲ ಬಾಯಿಪಾಠ ಮಾಡಿದ ಉದಾಹರಣೆ. ಹತ್ತನೇ ತರಗತಿಯ ಹುಡುಗಿ ಕೇಳಿದಳು, “ರೈಟ್ರೇ, ಕಮಲ ಹೆಂಗೆ ಅರಳ್ತದೆ? ನಾನು ನೋಡೇ ಇಲ್ಲ.” ರೈಟರೂ ಕಮಲ ನೋಡಿದ್ದು ಕ್ಯಾಲೆಂಡರಿನ ಲಕ್ಷ್ಮಿಯ ಕಾಲಡಿಯಲ್ಲಿ. “ನೋಡಿದ ಹೂವನ್ನೇ ಬರಿ” ಎಂದರು. ಕಿರುಪರೀಕ್ಷೆಯಲ್ಲಿ ಆಕೆ ‘ಸೀತೆಯ ಮುಖ ರೊಬಸ್ಟಾ ಹೂವಿನಂತೆ ಅರಳಿತು’ ಎಂದು ಬರೆದಳು. ಸೊನ್ನೆ ಬಂತು.

ರೈಟರು ಅರ್ಧ ದಿನ ರಜೆ ಹಾಕಿ ಶಾಲೆಗೆ ಹೋದರು. “ಮುಖ ಉಪಮೇಯ, ರೊಬಸ್ಟಾ ಹೂವು ಉಪಮಾನ, ‘ಅಂತೆ’ ವಾಚಕ, ಅರಳುವುದು ಸಮಾನಧರ್ಮ. ಎಲ್ಲಾ ಇದೆ, ಅಂಕ ಎಲ್ಲಿ? ನಮ್ಮದೇ ಜಿಲ್ಲೆಯ ದೇವನೂರಿನ ಲಕ್ಷ್ಮೀಶನಿಗೆ ಉಪಮಾಲೋಲ ಅಂತ ಹೆಸರು. ಅಂಥಾ ಜಿಲ್ಲೆಯಲ್ಲಿ ಉಪಮೆಗೆ ಸೊನ್ನೆಯೇ?” ಮೇಷ್ಟರು, “ಕೀ ಆನ್ಸರಿನಲ್ಲಿ ಕಮಲ ಇದೆ” ಎಂದರು. ಆಗ ರೈಟರು ಆಡಿದ ಮಾತನ್ನು ಯಾವ ಮೀಮಾಂಸಕನೂ ಬದಿಗೆ ಸರಿಸಲಾರ ಎಂದು ನನ್ನ ಅಂಬೋಣ. “ಕಮಲಕ್ಕೆ ಬಿಸಿಲು ಸಾಕು ಸಾರ್. ಕಾಫಿ ಹೂವಿಗೆ ಮೊದಲು ಮಳೆ ಬೀಳಬೇಕು, ಎಂಟ್ಹತ್ತು ದಿನ ಕಾಯಬೇಕು, ಆಮೇಲೆ ಅರಳೋದು. ಅಶೋಕವನದಲ್ಲಿ ಅತ್ತೂ ಅತ್ತೂ ಕಾದು, ಉಂಗುರ ನೋಡಿ ನಕ್ಕ ಸೀತೆಗೆ ಯಾವ ಹೂವು ಸರಿ, ನೀವೇ ಹೇಳಿ.”

ಮೇಷ್ಟರಿಗೂ ಒಂದೆಕರೆ ರೊಬಸ್ಟಾ ಇತ್ತು. ಅರ್ಧ ಅಂಕ ಕೊಟ್ಟರು.

ಮುಂದೆ ಪಬ್ಲಿಕ್ ಪರೀಕ್ಷೆಯಲ್ಲಿ ಹುಡುಗಿಗೆ ಕನ್ನಡದಲ್ಲಿ 125ಕ್ಕೆ 124 ಬಂತು. ಅವಳ ಅವ್ವ ಲೈನಿಗೆಲ್ಲ ಸಕ್ಕರೆ ಹಂಚಿದಳು. ರೈಟರು ಮಾತ್ರ ಸಕ್ಕರೆ ಮುಟ್ಟಲಿಲ್ಲ. ಆ ಒಂದು ಅಂಕ ಅಲಂಕಾರದಲ್ಲೇ ಹೋಗಿದೆ ಎಂದು ತೀರ್ಮಾನಿಸಿ, ಮೂಡಿಗೆರೆಯ ಸೈಬರ್ ಅಂಗಡಿಯಲ್ಲಿ ಉತ್ತರ ಪತ್ರಿಕೆಯ ಪ್ರತಿಗೆ ತಮ್ಮ ದುಡ್ಡಿನಲ್ಲೇ ಅರ್ಜಿ ಹಾಕಿಸಿದ್ದಾರೆ. ಮಂಡಳಿಗೆ ಪ್ರತ್ಯೇಕವಾಗಿ ಒಂದು ಪತ್ರವನ್ನೂ ಬರೆಯುತ್ತಿದ್ದಾರೆ. ನಿನ್ನೆ ಬೇಲಿ ಹತ್ತಿರ ಸಿಕ್ಕಿದವರು, ಪೀಠಿಕೆ ಹನ್ನೊಂದು ಪುಟಕ್ಕೆ ಬಂದಿದೆ, ಇನ್ನು ವಿಷಯಕ್ಕೆ ಇಳಿಯಬೇಕು ಎಂದರು.