ಹಿತ್ತಿಲಲ್ಲಿ ಫಿಯೆಟ್ ನಿಲ್ಲಿಸಿಕೊಂಡ ಮಹನೀಯರಿಗೆ

ಮಾನ್ಯ ಯಜಮಾನರಿಗೆ,

ಇತ್ತ ನಾನು ಕ್ಷೇಮ. ತಾವೂ ತಮ್ಮ ಮನೆಯವರೂ ಕ್ಷೇಮವೆಂದು ನಂಬಿದ್ದೇನೆ. ತಮ್ಮ ಹಿತ್ತಿಲಲ್ಲಿ ಹುಣಸೆಮರದ ಕೆಳಗೆ ನಿಂತಿರುವ ಕಾರಿನ ಕ್ಷೇಮವನ್ನು ಮಾತ್ರ ಕಣ್ಣಾರೆ ಕಂಡು ಬಂದಿದ್ದೇನೆ. ಅದಕ್ಕಾಗಿಯೇ ಈ ಪತ್ರ.

ಹೆಸರು ಹಾಕದೆ ಬರೆಯುತ್ತಿದ್ದೇನೆ. ಮರ್ಯಾದೆಗಾಗಿ ಮಾತ್ರವಲ್ಲ, ತಾವು ಒಬ್ಬರೇ ಅಲ್ಲ ಎಂಬುದಕ್ಕಾಗಿಯೂ. ತಮ್ಮನ್ನು ನಾನು ತೀರ್ಥಹಳ್ಳಿ ಕಡೆಯ ತೋಟದ ಮನೆಯಲ್ಲಿ ಕಂಡಿದ್ದೇನೆ, ದಾವಣಗೆರೆಯಲ್ಲಿ ಮುಚ್ಚಿಹೋದ ಗಿರಣಿಯೊಂದರ ಹಿಂದೆ ಕಂಡಿದ್ದೇನೆ, ಕೊನೆಗೆ ಕುಂದಾಪುರದ ಆಚೆ, ಕಡಲ ಸದ್ದು ಕೇಳುವಷ್ಟು ಹತ್ತಿರದ ತಮ್ಮ ಮನೆಯಲ್ಲಿ ಕಂಡೆ. ಒಂದು ಕಡೆ ಅಂಬಾಸಿಡರ್, ಇನ್ನೊಂದು ಕಡೆ ಸ್ಟ್ಯಾಂಡರ್ಡ್ ಹೆರಾಲ್ಡ್, ತಮ್ಮಲ್ಲಿ ಫಿಯೆಟ್. ಊರು ಬೇರೆ, ಕಾರು ಬೇರೆ, ಮಾತು ಒಂದೇ: "ಅದು ಮಾರ್ಲಿಕ್ಕಿಲ್ಲ ಮಾರಾಯ್ರೆ. ಒಂದು ದಿನ ಸರಿ ಮಾಡಿಸ್ಲಿಕ್ಕುಂಟು."

ಆ ದಿನ ತಾವು ನನಗೆ ಎಳನೀರು ಕೊಟ್ಟಿರಿ, ಕತ್ತಿ ತಂದು ಬಳ್ಳಿ ಕಡಿದು ಬಾಗಿಲವರೆಗೆ ದಾರಿ ಮಾಡಿಕೊಟ್ಟಿರಿ. ಅದಕ್ಕೆ ಋಣಿ. ಕಾರು ಯಾವುದೆಂದು ತಮಗೇ ಸರಿಯಾಗಿ ಗೊತ್ತಿರಲಿಲ್ಲ. "ಹಳೇ ಪದ್ಮಿನಿ" ಎಂದಿರಿ. ಹೆಸರಿನ ಲೋಹದ ಅಕ್ಷರಗಳು ಎಂದೋ ಉದುರಿಹೋಗಿದ್ದವು, ಮುಂಭಾಗದ ಜಾಲರಿ ಇರಲಿಲ್ಲ, ಬಣ್ಣವೆನ್ನುವುದು ಛಾವಣಿಯ ಒಳಬದಿಯಲ್ಲಿ ಅಂಗೈಯಷ್ಟು ಉಳಿದಿತ್ತು. ಇಂಥ ಸ್ಥಿತಿಯಲ್ಲಿ ಮೊದಲು ನೋಡಬೇಕಾದದ್ದು ಬಾಗಿಲ ಕೀಲು. ಪ್ರೀಮಿಯರ್ ಕಂಪನಿ ಮುಂಬೈಯ ಕುರ್ಲಾದಲ್ಲಿ ತಯಾರಿಸಿದ ಮೊದಮೊದಲ ಫಿಯೆಟ್ 1100ಗಳ ಮುಂದಿನ ಬಾಗಿಲಿಗೆ ಕೀಲು ಹಿಂಬದಿಯಲ್ಲಿತ್ತು. ಬೀರು ತೆರೆದ ಹಾಗೆ ಬಾಗಿಲು ಹಿಮ್ಮುಖವಾಗಿ ತೆರೆದುಕೊಳ್ಳುತ್ತಿತ್ತು. ತಮ್ಮದರ ಕೀಲು ಮುಂಬದಿಯಲ್ಲಿದೆ. ಹಾಗಾದರೆ ಇದು 1964ರಲ್ಲಿ ಬಂದ 1100 ಡಿಲೈಟ್, ಇಲ್ಲವೇ ಅದರ ನಂತರದ್ದು. ಇದೇ ಕಾರು 1972ರಲ್ಲಿ ಪ್ರೀಮಿಯರ್ ಪ್ರೆಸಿಡೆಂಟ್ ಆಯಿತು, 1974ರಲ್ಲಿ ಪದ್ಮಿನಿ ಆಯಿತು. ಮೈಕಟ್ಟು ಒಂದೇ, ಆದ್ದರಿಂದ ಹೊರಗಿನಿಂದ ನೋಡಿ ವರ್ಷ ಹೇಳುವುದು ಕಷ್ಟ.

ಬಾನೆಟ್ ಎತ್ತಲು ಇಬ್ಬರೂ ಸೇರಿ ಅರ್ಧ ಗಂಟೆ ಹೆಣಗಿದೆವು. ಎಂಜಿನ್ ಹಿಂದಿನ ತಗಡುಗೋಡೆಯ ಮೇಲೆ ಪುಟ್ಟ ಫಲಕ, ಅದರ ಮೇಲೆ ಒಂದು ಪದರ ಮಣ್ಣು. ತಾವು ಉಕ್ಕಿನ ಬ್ರಷ್ ತಂದಿರಿ; ನಾನು ಬೇಡವೆಂದು ಕೈ ಹಿಡಿದದ್ದಕ್ಕೆ ಕ್ಷಮೆಯಿರಲಿ. ಅಕ್ಷರಗಳು ಆಗಲೇ ಸವೆದಿದ್ದವು, ಬ್ರಷ್ ತಾಗಿದ್ದರೆ ಹೋಗಿಯೇಬಿಡುತ್ತಿದ್ದವು. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಮೆಲ್ಲಗೆ ಒರೆಸಿದೆವು. ಕಂಪನಿಯ ಹೆಸರು ಬಂತು, ಬಾಂಬೆ ಎಂಬ ಊರು ಬಂತು. ಚಾಸಿ ನಂಬರಿನ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿದಾಗ ಕಣ್ಣಿಗೆ ಕಾಣದ ಅಂಕಿಗಳೂ ಕಾಗದದ ಮೇಲೆ ಮೂಡಿದವು.

ಅಷ್ಟರಲ್ಲಿ ತಮ್ಮ ತಾಯಿಯವರು ಗೋಡೆ ಹಿಡಿದುಕೊಂಡು ಹಿತ್ತಿಲಿಗೆ ಬಂದರು, ಕೈಯಲ್ಲಿ ಬಟ್ಟೆಯಲ್ಲಿ ಸುತ್ತಿದ ಆರ್‌ಸಿ ಪುಸ್ತಕ. ಟ್ರಂಕಿನಲ್ಲಿ ರೇಷ್ಮೆ ಸೀರೆಗಳ ಕೆಳಗೆ ಇಟ್ಟಿದ್ದರಂತೆ. ಅದರಲ್ಲಿ 1967 ಎಂದಿತ್ತು, ನಂಬರೂ ಹೊಂದಿತು. ಹಣ ಕಟ್ಟಿ ವರ್ಷಗಟ್ಟಲೆ ಕಾದ ಮೇಲೆ ಕಾರು ಬಂತೆಂದೂ, ತಮ್ಮ ತಂದೆಯವರು ಅದಕ್ಕಿಂತ ಮೊದಲೇ ಮಡಲು ಹೆಣೆಸಿ ಚಪ್ಪರ ಹಾಕಿಸಿ, ನೆಲಕ್ಕೆ ಮುರಕಲ್ಲು ಹಾಸಿ ಕಾದಿದ್ದರೆಂದೂ ಅವರು ಹೇಳಿದರು. ಆ ಕಾಲದ ಪರ್ಮಿಟ್ ರಾಜ್ಯದಲ್ಲಿ ಕಾರು ಬೇಕಾದವರು ಹಾಗೆಯೇ ಕಾಯಬೇಕಿತ್ತು. ತಾವು ಆ ಮಾತು ಕೇಳುತ್ತ ಅತ್ತ ತಿರುಗಿದ್ದನ್ನು ನಾನು ಗಮನಿಸಿದೆ. ತಮಗೆ ಪ್ರೀತಿ ಇಲ್ಲವೆಂದು ನಾನು ಎಂದೂ ಹೇಳುವುದಿಲ್ಲ.

ಪ್ರೀತಿ ಇರುವುದರಿಂದಲೇ ತಾವು ನೀಲಿ ಟಾರ್ಪಾಲು ಹೊದಿಸಿದ್ದೀರಿ. ಆ ಕಾಳಜಿಗೆ ಕೈಮುಗಿಯುತ್ತೇನೆ. ಆದರೆ ಸ್ವಾಮಿ, ಆ ಟಾರ್ಪಾಲೇ ಕಾರನ್ನು ತಿಂದಿದೆ. ಕಾರು ಈಗ ಬರಿಯ ಮಣ್ಣಿನ ಮೇಲೆ ನಿಂತಿದೆ. ಹಗಲು ಬಿಸಿಲಿಗೆ ನೆಲದ ತೇವ ಆವಿಯಾಗಿ ಏಳುತ್ತದೆ, ಹೊರಗೆ ಹೋಗಲು ದಾರಿಯಿಲ್ಲ. ರಾತ್ರಿ ತಂಪಿಗೆ ಪ್ಲಾಸ್ಟಿಕ್‌ನ ಒಳಮೈಗೆ ಹನಿಗಟ್ಟಿ ಮತ್ತೆ ತಗಡಿನ ಮೇಲೆಯೇ ಬೀಳುತ್ತದೆ. ಮಳೆಗಾಲದಲ್ಲಿ ಮಾತ್ರವಲ್ಲ, ವರ್ಷವಿಡೀ ಕಾರಿನ ಮೇಲೆ ಮಳೆ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಸುರಿಯುತ್ತದೆ, ಗಾಳಿಯಲ್ಲೇ ಉಪ್ಪಿದೆ. ತಂದೆಯವರ ಮಡಲಿನ ಚಪ್ಪರ ಮೇಲಿನ ನೀರು ತಡೆಯುತ್ತಿತ್ತು, ನಾಲ್ಕೂ ಕಡೆಯಿಂದ ಗಾಳಿ ಬಿಡುತ್ತಿತ್ತು. ದುಡ್ಡು ಕೊಟ್ಟು ತಂದ ಟಾರ್ಪಾಲಿಗಿಂತ ಆ ಬಡ ಚಪ್ಪರ ನೂರು ಪಾಲು ಮೇಲು.

ಪ್ರತಿ ವರ್ಷ ತಪ್ಪದೆ ಆಯುಧಪೂಜೆ ಮಾಡಿಸುತ್ತೀರಿ. ಓಡದ ಕಾರಿಗೂ ಚೆಂಡುಹೂವಿನ ಮಾಲೆ, ಕುಂಕುಮ, ಚಕ್ರದ ಕೆಳಗೆ ನಿಂಬೆಹಣ್ಣು. ಅದನ್ನು ಕೇಳಿ ನನ್ನ ಕಣ್ಣು ತುಂಬಿತು. ಆ ಹೂವನ್ನು ಮರುದಿನ ತೆಗೆಯುವವರು ಮಾತ್ರ ಯಾರೂ ಇಲ್ಲ. ಮುಂದಿನ ಗಾಜಿನ ಕೆಳಗಿನ ಸಂದಿನಿಂದ ನಾನು ಆ ದಿನ ಎರಡು ಬೊಗಸೆ ಗೊಬ್ಬರ ತೆಗೆದೆ. ಒಣಗಿದ ಚೆಂಡುಹೂವು, ಹುಣಸೆ ಎಲೆ, ದಾರ. ನೀರು ಹರಿದು ಹೋಗಬೇಕಾದ ತೂತು ಅದರಿಂದ ಕಟ್ಟಿ, ನೀರು ಒಳಗಿಳಿದು, ಚಾಲಕನ ಕಾಲ ಕೆಳಗಿನ ತಗಡು ಕರಗಿಹೋಗಿದೆ. ತಂದೆಯವರು ಕ್ಲಚ್ ತುಳಿಯುತ್ತಿದ್ದ ಜಾಗದಲ್ಲಿ ಈಗ ನೆಲದ ಹುಲ್ಲು ಕಾಣುತ್ತದೆ.

ಕಾರ್ಬುರೇಟರ್ ಕಳುವಾಗಬಾರದೆಂದು ಬಿಚ್ಚಿ ಜೋಪಾನವಾಗಿ ಇಟ್ಟಿದ್ದೀರಿ. ಎಲ್ಲಿ ಎಂದು ಈಗ ಯಾರಿಗೂ ನೆನಪಿಲ್ಲ. ಚಕ್ರದ ಮುಚ್ಚಳಗಳು ನೆಂಟರ ಮಕ್ಕಳ ಆಟಕ್ಕೆ ಹೋದವು. ಹಿಂದಿನ ಸೀಟಿನಲ್ಲಿ ಕೋಳಿ ಮೊಟ್ಟೆಯಿಡುತ್ತದೆ. ಇವೆಲ್ಲ ಸಣ್ಣ ಮಾತು, ಬಿಡಿ.

ದೊಡ್ಡ ಮಾತು ತುಕ್ಕಿನದು. ಅದನ್ನು ತಾವು ಬಣ್ಣದ ವಿಷಯವೆಂದು ತಿಳಿದಿದ್ದೀರಿ. "ಕೆರೆದು ಪೇಂಟ್ ಹೊಡೆದ್ರಾಯ್ತು" ಎಂದಿರಿ. ದಯವಿಟ್ಟು ಕೇಳಿ. ಕಬ್ಬಿಣಕ್ಕೆ ನೀರೂ ಗಾಳಿಯೂ ತಾಗಿದರೆ ತುಕ್ಕು ಶುರು, ಉಪ್ಪು ಸೇರಿದರೆ ಅದರ ಓಟ ಜೋರು. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ಉಬ್ಬುತ್ತದೆ, ಬೆಸುಗೆಯ ಸಂದುಗಳನ್ನು ಬಿಡಿಸುತ್ತದೆ, ಆ ಬಿರುಕಿಗೆ ಮತ್ತೆ ನೀರು ಹೋಗುತ್ತದೆ. ಕಾರಿನಲ್ಲಿ ಅದು ಒಳಗಿನಿಂದ ಹೊರಗೆ ಬರುವುದೇ ಹೆಚ್ಚು. ಬಾಗಿಲ ಕೆಳಗೆ ಬಣ್ಣ ಸಣ್ಣ ಗುಳ್ಳೆಯಂತೆ ಎದ್ದಿತೆಂದರೆ ಒಳಗೆ ಆಗಲೇ ತೂತು ಬಿದ್ದಿದೆ. ಸ್ಕ್ರೂಡ್ರೈವರ್ ಹಿಡಿಯಿಂದ ತಗಡನ್ನು ತಟ್ಟಿ ನೋಡಿ: ಗಟ್ಟಿ ತಗಡು ಕಂಚಿನ ಹಾಗೆ ಸದ್ದು ಕೊಡುತ್ತದೆ, ಕೊಳೆತದ್ದು ಒದ್ದೆ ರಟ್ಟಿನ ಹಾಗೆ ದಬ್ ಎನ್ನುತ್ತದೆ. ತಮ್ಮ ಕಾರಿನ ಛಾವಣಿ, ಬಾನೆಟ್, ಎರಡು ಬಾಗಿಲು, ಎಂಜಿನ್ ಹಿಂದಿನ ಗೋಡೆ ಕಂಚಿನ ಸದ್ದು ಕೊಟ್ಟವು. ಉಳಿದವು ಕೊಡಲಿಲ್ಲ.

ಜೀಪಿಗೆ, ಹೆರಾಲ್ಡಿಗೆ ಕೆಳಗೆ ಬೇರೆಯೇ ಚಾಸಿ ಉಂಟು, ಮೇಲಿನ ಮೈ ಕೊಳೆತರೂ ಅಡಿಪಾಯ ಉಳಿಯುತ್ತದೆ. ಫಿಯೆಟ್ ಹಾಗಲ್ಲ. ಅದರ ಮೈಯೇ ಅದರ ಬೆನ್ನೆಲುಬು. ಬಾಗಿಲುಗಳ ಕೆಳಗೆ ಉದ್ದಕ್ಕೆ ಓಡುವ ಟೊಳ್ಳು ಪೆಟ್ಟಿಗೆಗಳು, ಅವುಗಳ ನಡುವೆ ಬೆಸೆದ ನೆಲದ ತಗಡು, ಇವೇ ಭಾರ ಹೊರುವುದು. ತಮ್ಮ ಕಾರಿನ ಎಡಗಡೆಯ ಪೆಟ್ಟಿಗೆಯೊಳಗೆ ನನ್ನ ಬೆರಳು ಹೋಯಿತು. ಬಾಗಿಲು ಮುಚ್ಚುವಾಗ ಮೇಲಿನ ಸಂದು ಕಿರಿದಾಗಿ ಕೆಳಗಿನದು ಅಗಲವಾದದ್ದನ್ನು ತಾವು ಕೀಲಿನ ದೋಷವೆಂದಿರಿ. ಅಲ್ಲ ಸ್ವಾಮಿ, ಕಾರು ನಡು ಬಗ್ಗಿಸುತ್ತಿದೆ. ಆ ತೂತುಗಳಿಗೆ ಪುಟ್ಟಿ ತುಂಬಿ ಬಣ್ಣ ಬಳಿದು ಕೊಡುವವರು ಸಿಗುತ್ತಾರೆ, ಆರು ತಿಂಗಳು ಚೆನ್ನಾಗಿಯೂ ಕಾಣುತ್ತದೆ. ದಯಮಾಡಿ ಅಂಥವರಿಗೆ ಗೇಟು ತೆರೆಯಬೇಡಿ.

ಗುಜರಿಯವನು ತೂಕಕ್ಕೆ ಕೇಳಲು ಬಂದಾಗ ತಾವು ಕೊಡಲಿಲ್ಲ. ಇದೊಂದಕ್ಕೆ ನಾನು ಜನ್ಮವಿಡೀ ಕೃತಜ್ಞ. ಆದರೆ ಮಂಗಳೂರಿನಿಂದ ಒಬ್ಬ ಹುಡುಗ ಬಂದಿದ್ದನಂತೆ. ತಗಡು ಕೆಲಸ ತಿಳಿದವನು, ತಾನೇ ಕೂತು ಸರಿ ಮಾಡಿ ಮೊದಲ ಸವಾರಿ ತಮ್ಮ ತಾಯಿಯವರಿಗೇ ಎಂದವನು. ಅವನಿಗೂ ಇದೇ "ಮಾರ್ಲಿಕ್ಕಿಲ್ಲ". ಅದಾಗಿ ಒಂಬತ್ತು ಮಳೆಗಾಲವಾಯಿತೆಂದು ತಾವೇ ಹೇಳಿದಿರಿ. ಅವನು ಬಂದಾಗ ನೆಲ ಇತ್ತಂತೆ.

ಒಂದು ದಿನ ಎನ್ನುತ್ತೀರಲ್ಲ, ಆ ದಿನ ದೂರವಾದಷ್ಟೂ ಕೆಲಸ ಕಷ್ಟವಾಗುತ್ತಿದೆ. ಪದ್ಮಿನಿಯ ತಯಾರಿ ನಿಂತು ಎರಡು ದಶಕ ದಾಟಿತು. ಆ ಮೇಲೂ ಬಿಡಿಭಾಗ ಸಿಗುತ್ತಿದ್ದದ್ದು ಬಹುಮಟ್ಟಿಗೆ ಮುಂಬೈಯ ಕಪ್ಪು ಹಳದಿ ಟ್ಯಾಕ್ಸಿಗಳ ದಯೆಯಿಂದ. ನಮ್ಮ ಕಡೆಯವರು ಅಲ್ಲಿ ಹೋಟೆಲು ಇಟ್ಟಿದ್ದರು, ಊರಿನ ರಾತ್ರಿ ಬಸ್ಸಿನಲ್ಲಿ ಬ್ರೇಕ್ ಸಿಲಿಂಡರೂ ಬಾಗಿಲ ಹಿಡಿಯೂ ಬಂದುಬಿಡುತ್ತಿದ್ದವು. 2003ರ ಅಕ್ಟೋಬರಿನಲ್ಲಿ ನೋಂದಣಿಯಾದ ಕೊನೆಯ ಪದ್ಮಿನಿ ಟ್ಯಾಕ್ಸಿಗೆ 20 ವರ್ಷದ ಗಡುವು ಮುಗಿದು, 2023ರ ಅಕ್ಟೋಬರಿನಲ್ಲಿ ಆ ಬಾಗಿಲೂ ಮುಚ್ಚಿತು. ಇನ್ನು ಹಳೆಯ ದಾಸ್ತಾನು ತೀರುವವರೆಗೆ ಮಾತ್ರ.

ಕಾಗದಪತ್ರಕ್ಕೆ ಹೆದರಿ ಸುಮ್ಮನಿದ್ದೀರಾದರೆ ಆ ಹೆದರಿಕೆ ಬೇಡ. 50 ವರ್ಷ ದಾಟಿದ, ಮೂಲ ರೂಪ ಉಳಿಸಿಕೊಂಡ ವಾಹನಗಳಿಗೆಂದೇ ಕೇಂದ್ರ ಸರ್ಕಾರ 2021ರಲ್ಲಿ ನಿಯಮ ತಂದಿದೆ. ಹೊಸದಾಗಿ ನೋಂದಾಯಿಸಿದರೆ 'ವಿಎ' ಸರಣಿಯ ಸಂಖ್ಯೆ, ಶುಲ್ಕ 20,000 ರೂಪಾಯಿ. ಮೊದಲೇ ನೋಂದಣಿಯಾದ ಕಾರು ತನ್ನ ಹಳೆಯ ಸಂಖ್ಯೆಯನ್ನೇ ಉಳಿಸಿಕೊಳ್ಳಬಹುದು. ದಿನಬಳಕೆಗೆ ಓಡಿಸುವಂತಿಲ್ಲ, ಪ್ರದರ್ಶನಕ್ಕೆ, ರ‍್ಯಾಲಿಗೆ, ದುರಸ್ತಿಗೆ ಅಡ್ಡಿಯಿಲ್ಲ. ತಂದೆಯವರ ನಂಬರ್ ಪ್ಲೇಟೇ ಮತ್ತೆ ರಸ್ತೆಗೆ ಬರಬಹುದು. ಆದರೆ ಮೂಲ ಮೈಕಟ್ಟು ಉಳಿದಿರಬೇಕೆಂಬುದೇ ಅಲ್ಲಿನ ಷರತ್ತು. ಹುಣಸೆಮರದ ಕೆಳಗೆ ಕರಗುತ್ತಿರುವುದು ಅದೇ.

ಆದ್ದರಿಂದ ಕೆಲವು ಬಿನ್ನಹಗಳು. ಟಾರ್ಪಾಲು ಇವತ್ತೇ ತೆಗೆಯಿರಿ. ಮರದ ಕೆಳಗಿಂದ ಸರಿಸಬೇಕು, ಆದರೆ ಹಗ್ಗ ಕಟ್ಟಿ ಎಳೆಯಬೇಡಿ, ನಡುವಿಗೆ ಸರಪಳಿ ಹಾಕಿ ಕ್ರೇನಿನಲ್ಲಿ ಎತ್ತಿಸಲೇಬೇಡಿ. ಬಾಗಿಲಿನ ತೆರಪುಗಳಿಗೆ ಅಡ್ಡಲಾಗಿ ಕಬ್ಬಿಣದ ಪಟ್ಟಿ ಬಿಗಿದು, ಬಲಕೊಟ್ಟ ಮೇಲೆಯೇ ಮುಟ್ಟಬೇಕು. ಇಲ್ಲದಿದ್ದರೆ ಎರಡು ತುಂಡಾಗಿ ಕೈಗೆ ಬರುತ್ತದೆ. ನಾಲ್ಕು ಚಕ್ರದ ಹತ್ತಿರ ಮುರಕಲ್ಲು ಇಟ್ಟು ನೆಲದಿಂದ ಮೇಲೆತ್ತಿ, ಒಳಗಿನ ಮಣ್ಣು ಪೂರ್ತಿ ತೆಗೆದು, ಒಣಗಲು ಬಿಡಿ. ಮೇಲೆ ಶೀಟಿನ ಮಾಡು ಸಾಕು, ಸುತ್ತ ಮರೆ ಬೇಡ. ಹೊಸ ಬ್ಯಾಟರಿ ತಂದು ಒಮ್ಮೆ ಸ್ಟಾರ್ಟ್ ಮಾಡಿ ನೋಡುವ ಆಸೆ ತಮ್ಮ ಕಣ್ಣಲ್ಲಿ ಕಂಡೆ. ಕೈಮುಗಿದು ಬೇಡುತ್ತೇನೆ, ಬೇಡ. 1089 ಸಿಸಿಯ ಆ ಪುಟ್ಟ ಎಂಜಿನ್ ಬಿಗಿದುಕೊಂಡಿದೆ, ಸತ್ತಿಲ್ಲ. ಪ್ಲಗ್ ಬಿಚ್ಚಿ, ನಾಲ್ಕು ಸಿಲಿಂಡರಿಗೂ ಡೀಸೆಲ್ ಬೆರೆಸಿದ ಆಯಿಲ್ ಬಿಟ್ಟು, ವಾರಗಟ್ಟಲೆ ನೆನೆಯಲು ಬಿಟ್ಟು, ಆಮೇಲೆ ಕೈಯಿಂದ ತಿರುಗಿಸಿ ನೋಡಬೇಕು. ಒತ್ತಾಯ ಮಾಡಿದರೆ ಪಿಸ್ಟನ್ ರಿಂಗು ಮುರಿಯುತ್ತದೆ.

ಇದನ್ನೆಲ್ಲ ಮಾಡಿಸಲು ಆಗದಿದ್ದರೆ, ಬಲ್ಲವರಿಗೆ ಕೊಡಿ. ದುಡ್ಡಿಗೇ ಕೊಡಬೇಕೆಂದಿಲ್ಲ, ಬಿಟ್ಟಿ ಕೊಡಬೇಕೆಂದೂ ಇಲ್ಲ. ಧರ್ಮಸ್ಥಳದಲ್ಲಿ ಹಳೆಯ ಕಾರುಗಳನ್ನು ಹೇಗೆ ಇಟ್ಟಿದ್ದಾರೆಂದು ಒಮ್ಮೆ ತಾಯಿಯವರನ್ನು ಕರೆದುಕೊಂಡು ಹೋಗಿ ತೋರಿಸಿ. ಮಂಗಳೂರಿನ ಹುಡುಗನ ಫೋನ್ ನಂಬರು ತಮ್ಮ ಕ್ಯಾಲೆಂಡರಿನ ಹಿಂದೆ ಬರೆದದ್ದು ಇನ್ನೂ ಇದೆಯೆಂದು ತಾವೇ ಹೇಳಿದ್ದೀರಿ.

ಈಗ ಮೇ ಮುಗಿಯುತ್ತ ಬಂತು. ಚಾಸಿ ನಂಬರು ಮೂಡಿದ ಆ ಪೆನ್ಸಿಲ್ ಕಾಗದ ನನ್ನ ಬಳಿ ಉಳಿಯಿತು, ತಮಗೆ ಕೊಡುವುದು ಮರೆತಿದ್ದೆ. ಎರಡು ಹಾಳೆಗಳ ನಡುವೆ ಒಣಗಿಸಿ ಇಟ್ಟಿದ್ದೇನೆ. ತಾವು ಕರೆದ ದಿನ ತಂದುಕೊಡುತ್ತೇನೆ, ತಗಡು ಕತ್ತರಿಸುವ ಕತ್ತರಿಯನ್ನೂ ತರುತ್ತೇನೆ.

ಇತಿ ತಮ್ಮ ವಿಧೇಯ,
ಎಳನೀರು ಕುಡಿದು ಹೋದವನು